‘ಹೇಳಿದರೆ ಕಾಲೇಜು ಬಿಡಿಸ್ತಾರೆ ಮೇಡಂ’

ಪ್ರಶ್ನೆ: ನಾನು ಚಿಂತಾಮಣಿಯ ಒಂದು ಸೇವಾ ಕ್ಲಬ್ಬಿನ ಕಾರ್ಯದರ್ಶಿ. ಕಣ್ಣಿನ ಶಿಬಿರ, ರಕ್ತದಾನ, ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್, ವರ್ಷಕ್ಕೊಂದು ಕ್ರಿಕೆಟ್ ಟೂರ್ನಮೆಂಟ್, ಇಷ್ಟು ಮಾಡಿಕೊಂಡು ಬಂದಿದ್ದೇವೆ. ಎರಡು ತಿಂಗಳ ಹಿಂದೆ ನಮ್ಮ ಬೀದಿಯಲ್ಲೇ ಒಂದು ಘಟನೆ ಆಯಿತು. ಸೆಕೆಂಡ್ ಪಿಯು ಓದುತ್ತಿದ್ದ 17 ವರ್ಷದ ಹುಡುಗಿ. ಅವಳು ಪ್ರೀತಿಸುತ್ತಿದ್ದ ಹುಡುಗ ಒಂದು ವರ್ಷದಿಂದ ಹೊಡೆಯುತ್ತಿದ್ದನಂತೆ, ಫೋನ್ ಕಿತ್ತುಕೊಂಡು ಮೆಸೇಜೆಲ್ಲ ಓದುತ್ತಿದ್ದನಂತೆ. ಮನೆಗೆ ಗೊತ್ತಾದ ಮಾರನೇ ದಿನವೇ ಅವಳನ್ನು ಕಾಲೇಜು ಬಿಡಿಸಿದರು. ಈಗ ಗಂಡು ಹುಡುಕುತ್ತಿದ್ದಾರೆ ಅಂತ ಸುದ್ದಿ. ಇದನ್ನು ನೋಡಿದ ಮೇಲೆ ಕಾಲೇಜುಗಳಲ್ಲಿ ಏನಾದರೂ ಮಾಡಬೇಕು ಅನ್ನಿಸಿದೆ. ಆದರೆ ನಮ್ಮ ಕ್ಲಬ್ಬಿನ ಅರ್ಧ ಜನ ‘ಇದು ಮಕ್ಕಳಿಗೆ ಲವ್ ಮಾಡೋದನ್ನ ಹೇಳಿಕೊಟ್ಟ ಹಾಗಾಗುತ್ತೆ’ ಅನ್ನುತ್ತಾರೆ. ಒಬ್ಬ ಪ್ರಿನ್ಸಿಪಾಲರಂತೂ ‘ನಮ್ಮ ಕಾಲೇಜಲ್ಲಿ ಅಂಥದ್ದೆಲ್ಲ ಇಲ್ಲ’ ಎಂದು ಕಾಫಿ ಕೊಟ್ಟು ಕಳಿಸಿದರು. ಎಲ್ಲಿಂದ ಶುರು ಮಾಡೋದು?

ಉತ್ತರ: ಕ್ಲಬ್ಬಿನ ವಿಷಯ ಆಮೇಲೆ ನೋಡೋಣ. ಮೊದಲು ಆ ಹುಡುಗಿ.

17 ವರ್ಷ ಅಂತ ನೀವೇ ಬರೆದಿದ್ದೀರಿ. ಗಂಡು ಹುಡುಕುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಹಾಗಾದರೆ ಕಾಯಬೇಡಿ. ನಮ್ಮ ರಾಜ್ಯದಲ್ಲಿ 2016ರ ತಿದ್ದುಪಡಿ ಆದ ಮೇಲೆ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಅಂದರೆ ಆ ಮದುವೆ ಆಗಿಯೇ ಇಲ್ಲ ಅಂತ ಕಾನೂನು ಲೆಕ್ಕ ಹಾಕುತ್ತದೆ. ಇದನ್ನು ಮನೆಯವರಿಗೆ ತಿಳಿಸುವುದಕ್ಕೆ ಪೊಲೀಸರನ್ನು ಕರೆದುಕೊಂಡೇ ಹೋಗಬೇಕು ಅಂತಿಲ್ಲ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದೇ ಸಿಡಿಪಿಓ ಅಂತಾರಲ್ಲ, ಅವರು ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಅವರಿಗೆ ಹೇಳಿ. ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ತೆಗೆಯುತ್ತಾರೆ, ದುಡ್ಡು ಹೋಗಲ್ಲ. ಆದರೆ ಅದಕ್ಕೂ ಮೊದಲು ಅವಳ ತಾಯಿಯ ಹತ್ತಿರ ಒಬ್ಬರೇ ಹೋಗಿ ಕೂತು ಮಾತಾಡೋಕೆ ಆಗುತ್ತಾ ನೋಡಿ. ಒಂದೇ ಬೀದಿಯವರು ನೀವು. ಆಫೀಸಿನವರು ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ, ನೀವು ಹೋದರೆ ಕಾಫಿನಾದರೂ ಕೊಡುತ್ತಾರೆ.

ಇನ್ನೂ ಒಂದು ವಿಷಯ. ಅವನು ಹೊಡೆದದ್ದು ಮಾತ್ರವಲ್ಲದೆ ಲೈಂಗಿಕವಾಗಿಯೂ ಏನಾದರೂ ಆಗಿದೆ ಎಂದು ನಿಮಗೆ ಗೊತ್ತಾದರೆ, ಆಗ ಸುಮ್ನೆ ಇರುವ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಿಮ್ಮ ಪ್ರಶ್ನೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹದಿಹರೆಯದ ಮಕ್ಕಳ ಜೊತೆ ಆಪ್ತಸಮಾಲೋಚನೆ ಮಾಡಿಕೊಂಡು ಬಂದವಳು. ಈ ಕೆಲಸದಲ್ಲಿ ನಾನು ಅತಿ ಜಾಸ್ತಿ ಸಲ ಕೇಳಿರುವ ವಾಕ್ಯ ‘ಅವನು ಹೊಡೀತಾನೆ’ ಅಲ್ಲ. ‘ಹೇಳಿದರೆ ಕಾಲೇಜು ಬಿಡಿಸ್ತಾರೆ ಮೇಡಂ’ ಅನ್ನೋದು.

ಶಿಡ್ಲಘಟ್ಟ ಕಡೆಯ ಒಬ್ಬ ಹುಡುಗಿ, ಗುರುತು ಸಿಗಬಾರದು ಅಂತ ಊರು, ವಿವರ ಬದಲಾಯಿಸಿ ಹೇಳುತ್ತೇನೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಕಾಲೇಜಿಗೆ ಬರುತ್ತಿದ್ದಳು. ಅದೇ ಬಸ್ಸಿನ ಹುಡುಗನ ಜೊತೆ ಸ್ನೇಹ, ಆಮೇಲೆ ಪ್ರೀತಿ. ಮೊದಲ ಆರು ತಿಂಗಳು ಚೆನ್ನಾಗಿಯೇ ಇದ್ದ. ಒಂದು ದಿನ ನಂದಿ ಬೆಟ್ಟದ ಬುಡದಲ್ಲಿ ಇಬ್ಬರೂ ಸೆಲ್ಫಿ ತೆಗೆದುಕೊಂಡರು. ಅಂಥ ಫೋಟೊ ಏನಲ್ಲ, ಹೆಗಲ ಮೇಲೆ ಕೈ ಹಾಕಿದ್ದ, ಅಷ್ಟೆ. ಆ ಒಂದು ಫೋಟೊ ಇಟ್ಟುಕೊಂಡು ಅವನು ಅವಳ ಸ್ಕಾಲರ್‌ಶಿಪ್ ದುಡ್ಡು ಕಿತ್ತುಕೊಂಡ, ಕ್ಲಾಸಿನ ಹುಡುಗರ ಜೊತೆ ಮಾತು ಬಿಡಿಸಿದ, ಕೆನ್ನೆಗೆ ಬಾರಿಸಿದ. ‘ನಿಮ್ಮಪ್ಪನಿಗೆ ಕಳಿಸ್ತೀನಿ’ ಅನ್ನೋದೊಂದೇ ಮಾತು. ನನ್ನ ಹತ್ತಿರ ಬಂದಾಗ ಅವಳಿಗೆ ಅವನ ಏಟಿನ ಭಯ ಅಷ್ಟಾಗಿ ಇರಲಿಲ್ಲ. ಅಪ್ಪನಿಗೆ ಗೊತ್ತಾಗುವ ಭಯ ಇತ್ತು.

ಅಂದರೆ ಅವನು ಬೀಸುತ್ತಿದ್ದ ದೊಣ್ಣೆ ಅವನದಲ್ಲ, ಅವಳ ಮನೆಯದೇ. ಅಪ್ಪ ಕಾಲೇಜು ಬಿಡಿಸಲ್ಲ ಅನ್ನೋದು ಗೊತ್ತಿದ್ದಿದ್ದರೆ ಆ ಫೋಟೊಗೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ನಿಮ್ಮ ಬೀದಿಯ ಹುಡುಗಿಯ ಕಥೆಯನ್ನು ಇನ್ನೊಮ್ಮೆ ಓದಿ ನೋಡಿ. ಒಂದು ವರ್ಷ ಏಟು ತಿಂದು ಸುಮ್ಮನಿದ್ದಳು. ಮನೆಗೆ ಗೊತ್ತಾದ ಮಾರನೇ ದಿನ ಏನಾಯಿತೋ ಅದೇ ಅವಳು ಸುಮ್ಮನಿದ್ದ ಕಾರಣ. ಅವಳ ಭಯ ನಿಜವಾಯಿತು. ಇದನ್ನು ಅವಳ ಕ್ಲಾಸಿನ ಅರವತ್ತು ಹುಡುಗಿಯರೂ ನೋಡಿದ್ದಾರೆ. ಇನ್ನು ಅವರಲ್ಲಿ ಯಾರು ಬಾಯಿ ಬಿಡುತ್ತಾರೆ ಹೇಳಿ?

ಹಾಗಾಗಿ ನಿಮ್ಮ ಕ್ಲಬ್ಬಿನವರ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು. ಲವ್ ಮಾಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಅದನ್ನು ಬಸ್‌ಸ್ಟ್ಯಾಂಡು ಮತ್ತು ಇನ್‌ಸ್ಟಾಗ್ರಾಂ ಈಗಾಗಲೇ ನೋಡಿಕೊಂಡಿವೆ. ನೀವು ಹೋಗಿ ‘ಪ್ರೀತಿ ಗೀತಿ ಬೇಡ, ಓದಿನ ಕಡೆ ಗಮನ ಕೊಡಿ’ ಅಂತ ಭಾಷಣ ಮಾಡಿದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಏಟು ತಿನ್ನುತ್ತಿರುವವಳಿಗೆ ಮಾತ್ರ ‘ಓ, ಇವರಿಗೂ ಹೇಳೋ ಹಾಗಿಲ್ಲ’ ಅನ್ನೋದು ಖಾತ್ರಿಯಾಗುತ್ತದೆ. ಬೇಡ ಅಂದಷ್ಟೂ ಗುಟ್ಟು ಜಾಸ್ತಿ ಆಗುತ್ತದೆ, ಗುಟ್ಟು ಜಾಸ್ತಿ ಆದಷ್ಟೂ ಹೊಡೆಯುವವನಿಗೆ ಅನುಕೂಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಸಂಗಾತಿ ಇರುವ ಅಥವಾ ಇದ್ದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ, ಮದುವೆಯಾದವರೂ ಸೇರಿ, ಶೇ. 24ರಷ್ಟು ಮಂದಿ ಆ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬಳು. ಅಮೆರಿಕದಲ್ಲಿ 2010ರಿಂದ ಫೆಬ್ರವರಿ ಪೂರ್ತಿ ಇದರ ಬಗ್ಗೆ ಜಾಗೃತಿ ಮಾಸ ಅಂತಲೇ ಮಾಡುತ್ತಾರೆ, ಅಲ್ಲಿನ ಸೇವಾ ಕ್ಲಬ್ಬುಗಳೂ ಕೈಜೋಡಿಸುತ್ತವೆ. ಇಲ್ಲಿ ನೀವು ಅದನ್ನು ನೋಡಿ ಫೆಬ್ರವರಿಗೆ ಇಟ್ಟುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲಿ ಫೆಬ್ರವರಿ ಅಂದರೆ ಗುಲಾಬಿ ಬೆಳೆದವರಿಗೆ ನಾಲ್ಕು ಕಾಸು ಸಿಗುವ ತಿಂಗಳು, ಪಿಯು ಮಕ್ಕಳಿಗೆ ಪರೀಕ್ಷೆ ತಲೆ ಮೇಲೆ ಕೂತಿರುವ ತಿಂಗಳು. ಪ್ರೇಮಿಗಳ ದಿನದ ಸುತ್ತಮುತ್ತ ಹೋಗಿ ಮಾತಾಡಿದರೆ ಮಕ್ಕಳಿಗೆ ನೀವು ಪ್ರೇಮಿಗಳ ದಿನದ ವಿರುದ್ಧ ಬಂದವರ ಥರ ಕಾಣುತ್ತೀರಿ.

ಶುರು ಮಾಡಬೇಕಾದ್ದು ಜುಲೈನಲ್ಲಿ. ಹತ್ತನೇ ಕ್ಲಾಸಿನವರೆಗೆ ಊರಿನ ಹೈಸ್ಕೂಲಲ್ಲಿ ಇದ್ದ ಮಕ್ಕಳು ಫಸ್ಟ್ ಪಿಯುಗೆ ಪಟ್ಟಣಕ್ಕೆ ಬಂದಿರುತ್ತಾರೆ. ಹೊಸ ಬಸ್ ಪಾಸು, ಹೊಸ ಗೆಳೆಯರು, ಎಷ್ಟೋ ಜನಕ್ಕೆ ಮೊದಲನೇ ಸ್ವಂತ ಫೋನು. ಆಗಿನ್ನೂ ಯಾವ ಗುಟ್ಟೂ ಇರಲ್ಲ. ನಿಮಗೂ ಅದು ಅನುಕೂಲ, ರೋಟರಿ, ಲಯನ್ಸ್ ಥರದ ಕ್ಲಬ್ಬುಗಳ ವರ್ಷ ಶುರುವಾಗುವುದೇ ಜುಲೈ 1ಕ್ಕೆ. ಇಲ್ಲೇ ಒಂದು ಕಷ್ಟವೂ ಇದೆ, ನೇರವಾಗಿ ಹೇಳಿಬಿಡುತ್ತೇನೆ. ವರ್ಷ ವರ್ಷ ಅಧ್ಯಕ್ಷರು ಬದಲಾಗುತ್ತಾರೆ. ಹೊಸಬರಿಗೆ ಹೊಸ ಪ್ರಾಜೆಕ್ಟೇ ಬೇಕು, ಹಳಬರು ಶುರು ಮಾಡಿದ್ದು ಮೂಲೆಗೆ ಹೋಗುತ್ತದೆ. ಕಣ್ಣಿನ ಶಿಬಿರಕ್ಕೆ ಇದರಿಂದ ತೊಂದರೆ ಇಲ್ಲ, ಡಾಕ್ಟರು ಯಾರಾದರೇನು. ಆದರೆ ಹದಿನಾರರ ಹುಡುಗಿ ತನ್ನ ಗುಟ್ಟು ಹೇಳಬೇಕಾದರೆ ಅದೇ ಮುಖವನ್ನು ನಾಲ್ಕಾರು ಸಲ ನೋಡಿರಬೇಕು. ಇಬ್ಬರೇ ಸದಸ್ಯರನ್ನು ಆರಿಸಿ, ಎರಡು ವರ್ಷ ಇವರೇ ಅಂತ ಈಗಲೇ ನಿರ್ಣಯ ಮಾಡಿ ಪುಸ್ತಕದಲ್ಲಿ ಬರೆದಿಡಿ. ಯಾರು ಅಧ್ಯಕ್ಷರಾದರೂ ಇದನ್ನು ಮುಟ್ಟುವ ಹಾಗಿಲ್ಲ ಅಂತ.

ಆದರೆ ಜುಲೈನಲ್ಲಿ ಕಾಲೇಜಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಇದೆ. ಅಪ್ಪ ಅಮ್ಮಂದಿರು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ನಾನೂ ಮೊದಲ ಕೆಲವು ವರ್ಷ ಬಿಟ್ಟಿದ್ದೆ. ಮಕ್ಕಳಿಗೆ ‘ಹೇಳಿ ಹೇಳಿ’ ಅಂತ ಕಲಿಸಿ ಮನೆಗೆ ಕಳಿಸಿದೆ, ಅಲ್ಲಿ ಅವರು ಹೇಳಿದರು, ಟಿಸಿ ತೆಗೆಸಿಕೊಂಡು ಹೋದರು. ಎರಡು ಸಲ ಹೀಗಾದ ಮೇಲೆ ನನಗೆ ಬುದ್ಧಿ ಬಂತು.

ಪೋಷಕರನ್ನು ಕಾಲೇಜಿಗೆ ಕರೆದರೆ ಬರುವುದು ಪಟ್ಟಣದ ಹತ್ತು ಜನ. ನೀವೇ ಊರಿಗೆ ಹೋಗಬೇಕು. ಸ್ತ್ರೀಶಕ್ತಿ ಸಂಘದ ಸಭೆ ಇರುವ ದಿನ, ಇಲ್ಲವೇ ಸಂಜೆ ಡೈರಿಗೆ ಹಾಲು ಹಾಕಲು ಬಂದಾಗ ಅರ್ಧ ಗಂಟೆ. ರೇಷ್ಮೆ ಊರುಗಳಲ್ಲಿ ಹುಳ ಹಣ್ಣಾಗುವ ವಾರ ಹೋಗಬೇಡಿ, ಗೂಡು ಕಟ್ಟೋಕೆ ಚಂದ್ರಿಕೆಗೆ ಹುಳ ಬಿಡುವ ಗಡಿಬಿಡಿಯಲ್ಲಿ ಯಾರೂ ನಿಮ್ಮ ಮುಖ ನೋಡಲ್ಲ. ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಅದರಲ್ಲೇ ಮಾತಾಡಿ, ಕನ್ನಡದಲ್ಲಿ ಭಾಷಣ ಬಿಗಿದು ಬರಬೇಡಿ. ಅಪ್ಪಂದಿರು ಬರಲ್ಲ ಅನ್ನೋದು ನಿಜ. ಆದರೆ ನಿರ್ಧಾರ ಅವರದೇ ಆಗಿರುತ್ತದಲ್ಲ, ಹಾಗಾಗಿ ಡೈರಿ ಕಾರ್ಯದರ್ಶಿಯನ್ನೋ, ಊರಲ್ಲಿ ಮಾತು ನಡೆಯುವ ಇನ್ನೊಬ್ಬರನ್ನೋ ಹಿಡಿದು ಗಂಡಸರದ್ದೇ ಒಂದು ಬೇರೆ ಸಭೆ ಮಾಡಿ.

ಅಲ್ಲಿ ಕೇಳಬೇಕಾದ್ದು ಒಂದೇ. ‘ನೀನು ಏನು ಬಂದು ಹೇಳಿದರೂ ಕಾಲೇಜು ಬಿಡಿಸಲ್ಲ’ ಅನ್ನುವ ಮಾತನ್ನು ಈ ವಾರ ಮನೆಗೆ ಹೋಗಿ ಮಗಳಿಗೆ ಹೇಳಬೇಕು. ಅಷ್ಟೇ. ಸುಲಭ ಅನ್ನಿಸುತ್ತೆ ಅಲ್ವಾ? ಸಭೆಯಲ್ಲೇ ಬಾಯಿಬಿಟ್ಟು ಹೇಳಿಸಿ ನೋಡಿ. ಅರ್ಧ ಜನಕ್ಕೆ ಗಂಟಲು ಕಟ್ಟುತ್ತದೆ. ‘ಹಾಗಂದರೆ ಅವಳಿಗೆ ಸಲುಗೆ ಕೊಟ್ಟಹಾಗೆ ಆಗಲ್ವಾ’ ಅಂತ ಕೇಳುತ್ತಾರೆ. ಆಗ ಅವರ ಜೊತೆ ವಾದಕ್ಕೆ ಇಳಿಯಬೇಡಿ. ‘ನಿಮ್ಮ ಮಗಳನ್ನ ಯಾರೋ ಹೊಡೀತಾ ಇದ್ದರೆ ಮೊದಲು ನಿಮಗೆ ಗೊತ್ತಾಗಬೇಕೋ, ಊರಿಗೆ ಗೊತ್ತಾಗಬೇಕೋ’ ಅಂತ ಕೇಳಿ. ನನ್ನ ಅನುಭವದಲ್ಲಿ ಅದಕ್ಕೆ ಎಲ್ಲರದ್ದೂ ಒಂದೇ ಉತ್ತರ.

ಪ್ರಿನ್ಸಿಪಾಲರ ವಿಷಯ. ‘ಲವ್’, ‘ಡೇಟಿಂಗ್’ ಅನ್ನುವ ಪದ ಇಟ್ಟುಕೊಂಡು ಹೋದರೆ ಯಾವ ಪ್ರಿನ್ಸಿಪಾಲರೂ ಒಪ್ಪಲ್ಲ. ಅವರದ್ದೂ ತಪ್ಪಲ್ಲ, ನಾಳೆ ಪೋಷಕರು ಬಂದು ಜಗಳ ಮಾಡಿದರೆ ಉತ್ತರ ಕೊಡಬೇಕಾದವರು ಅವರು. ಡೇಟಿಂಗ್ ಅನ್ನೋ ಪದ ನಮ್ಮ ಮಕ್ಕಳಿಗೂ ಹೊಂದಲ್ಲ ಬಿಡಿ, ಅವರ ಬಾಯಲ್ಲಿ ಅದು ‘ಕಮಿಟ್ ಆಗಿದ್ದಾಳೆ’, ‘ಸೆಟ್ ಆಯ್ತು’, ‘ಒನ್ ಸೈಡು’. ನೀವು ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾನೂನು, ಮತ್ತು ಫೋನ್ ಸುರಕ್ಷತೆಯ ತರಗತಿ ಅಂತ ಹೋಗಿ. ಇದು ಸುಳ್ಳಲ್ಲ, ಅದೂ ಇರುತ್ತದೆ. ಜೊತೆಗೆ ಒಂದು ವಿಷಯ ಅವರ ಮುಂದೆ ಇಡಿ. 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಂದು ಪ್ರಕರಣದಲ್ಲಿ, ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೋ ಕಾನೂನಿನ ಬಗ್ಗೆ ತಿಳಿಸಿಕೊಡಬೇಕು ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತ್ತು. ‘ಸಾರ್, ಕೋರ್ಟೇ ಹೇಳಿದೆ’ ಅಂದರೆ ಕಾಫಿಯ ಜೊತೆ ಒಂದು ಡೇಟೂ ಸಿಗುತ್ತದೆ.

ಕಾಲೇಜಿನಲ್ಲಿ ಏನು ಮಾಡಬೇಕು ಅನ್ನೋದಕ್ಕಿಂತ ಏನು ಬೇಡ ಅಂತ ಮೊದಲು ಹೇಳುತ್ತೇನೆ. ಫ್ಲೆಕ್ಸ್ ಬೇಡ. ವೇದಿಕೆ ಬೇಡ. ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ, ವಂದನಾರ್ಪಣೆ, ಇವೇ ಮುಕ್ಕಾಲು ಗಂಟೆ ತಿನ್ನುತ್ತವೆ. ಪ್ರತಿಜ್ಞೆ ಬೋಧಿಸಬೇಡಿ. 400 ಮಕ್ಕಳನ್ನು ಬಿಸಿಲಲ್ಲಿ ಕೂರಿಸಬೇಡಿ. ಮುಖ್ಯವಾಗಿ, ಮಕ್ಕಳ ಫೋಟೊ ತೆಗೆದು ಕ್ಲಬ್ಬಿನ ಫೇಸ್‌ಬುಕ್ಕಿಗೆ ಹಾಕಬೇಡಿ. ಕ್ಲಬ್ಬುಗಳ ಜಿಲ್ಲಾ ಗವರ್ನರ್‌ಗೆ ವರದಿ ಕಳಿಸಬೇಕು, ಫೋಟೊ ಬೇಕು ಅಂತ ನಿಮಗೂ ಒತ್ತಡ ಇರುತ್ತದೆ, ಗೊತ್ತು. ಖಾಲಿ ಕ್ಲಾಸ್‌ರೂಮಿನ ಫೋಟೊ ಕಳಿಸಿ. ‘ಈ ಹುಡುಗಿ ಅವತ್ತು ಅಳ್ತಾ ಇದ್ದಳು ನೋಡು’ ಅಂತ ಆ ಫೋಟೊ ಊರು ಸುತ್ತಿದರೆ ನಿಮ್ಮ ಎರಡು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು.

ಒಂದು ಸಲಕ್ಕೆ 30 ಮಕ್ಕಳು ಸಾಕು. ಒಂದೇ ಬ್ಯಾಚಿಗೆ ಐದಾರು ಸಲ, ವಾರಕ್ಕೊಂದು. ಒಂದು ದಿನದ ಭಾಷಣದಿಂದ ಇದು ಆಗಲ್ಲ ಅನ್ನೋದಕ್ಕೆ ನನ್ನ ಮಾತೇ ನಂಬಬೇಕಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ‘ಸೇಫ್ ಡೇಟ್ಸ್’ ಅಂತ ಒಂದು ಪಾಠಕ್ರಮ 1990ರ ದಶಕದಲ್ಲಿ ಶುರುವಾಯಿತು. ಹತ್ತು ತರಗತಿ, ಮಕ್ಕಳೇ ಆಡುವ ಒಂದು ನಾಟಕ, ಒಂದು ಪೋಸ್ಟರ್ ಸ್ಪರ್ಧೆ. ಪಾಠ ಕೇಳಿದ ಶಾಲೆಗಳನ್ನೂ ಕೇಳದ ಶಾಲೆಗಳನ್ನೂ ನಾಲ್ಕು ವರ್ಷ ಆದ ಮೇಲೆ ಹೋಲಿಸಿ ನೋಡಿದಾಗಲೂ ಕೇಳಿದ ಮಕ್ಕಳಲ್ಲಿ ಹಿಂಸೆ ಕಡಿಮೆ ಇತ್ತು. ಅದನ್ನು ಹಾಗೇ ತಂದು ಇಲ್ಲಿ ಓದಿಸಬೇಡಿ, ಅಲ್ಲಿಯ ಮಕ್ಕಳ ಬದುಕು ಬೇರೆ. ಆದರೆ ನಾಟಕ ಅನ್ನೋದನ್ನ ಮಾತ್ರ ಕದಿಯಿರಿ. ನಮ್ಮ ಮಕ್ಕಳು ಮಾತಲ್ಲಿ ಹೇಳದೆ ಇರೋದನ್ನ ಐದು ನಿಮಿಷದ ಸ್ಕಿಟ್‌ನಲ್ಲಿ ಆಡಿ ತೋರಿಸಿಬಿಡುತ್ತಾರೆ.

ಮೊದಲ ಎರಡು ಸಲ ಹುಡುಗರು ಬೇರೆ, ಹುಡುಗಿಯರು ಬೇರೆ. ಆಮೇಲೆ ಒಟ್ಟಿಗೆ. ಒಂದು ರಟ್ಟಿನ ಡಬ್ಬ ಇಡಿ, ಹೆಸರಿಲ್ಲದೆ ಚೀಟಿ ಹಾಕಲಿ. ಎಲ್ಲರಿಗೂ ಚೀಟಿ ಕೊಡಿ, ಪ್ರಶ್ನೆ ಇಲ್ಲದವರು ಸುಮ್ನೆ ‘ಏನೂ ಇಲ್ಲ’ ಅಂತ ಬರೆದು ಹಾಕಲಿ. ಇಲ್ಲದಿದ್ದರೆ ಬರೆಯುತ್ತಿರುವವಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ನನಗೆ ಬಂದ ಚೀಟಿಗಳಲ್ಲಿ ಕೆಲವು ಇನ್ನೂ ನೆನಪಿವೆ. ‘ಹೊಡೆದ, ಆಮೇಲೆ ಅವನೇ ಅತ್ತ, ಅಂದರೆ ಇಷ್ಟ ಇದೆ ಅಂತ ತಾನೆ?’ ‘ಬಿಡ್ತೀನಿ ಅಂದ್ರೆ ಬ್ಲೇಡಲ್ಲಿ ಕೈ ಕುಯ್ದುಕೊಳ್ತಾನೆ, ನಾನೇನು ಮಾಡಲಿ?’ ಒಬ್ಬ ಹುಡುಗ ಬರೆದಿದ್ದ, ‘ಅವಳು ನನ್ನ ಫೋನ್ ಪೂರ್ತಿ ಚೆಕ್ ಮಾಡ್ತಾಳೆ, ಫ್ರೆಂಡ್ಸಿಗೆ ಹೇಳಿದರೆ ನಗ್ತಾರೆ.’ ಹುಡುಗರಿಗೂ ಆಗುತ್ತದೆ, ಮರೆಯಬೇಡಿ. ಏಟು ಬೀಳುವುದು, ಭಯ ಪಡುವುದು ಹುಡುಗಿಯರೇ ಜಾಸ್ತಿ. ಆದರೆ ಆ ಹುಡುಗನ ಚೀಟಿ ಓದಿದ ದಿನ ಇಡೀ ಕ್ಲಾಸಿನ ಹುಡುಗರು ಕಿವಿ ನೆಟ್ಟಗೆ ಮಾಡಿಕೊಂಡು ಕೂತರು.

ಆ ಎರಡನೇ ಚೀಟಿಗೆ ಉತ್ತರ ಸುಲಭ ಅಲ್ಲ. ಸಾಯುತ್ತೇನೆ ಅನ್ನೋದನ್ನ ‘ನಾಟಕ’ ಅಂತ ತಳ್ಳಿಹಾಕೋ ಹಾಗಿಲ್ಲ. ಹಾಗಂತ ಅವನನ್ನು ಬದುಕಿಸುವ ಜವಾಬ್ದಾರಿ ಹದಿನಾರು ವರ್ಷದ ಹುಡುಗಿಯದೂ ಅಲ್ಲ. ಆ ಮೆಸೇಜು ಬಂದ ತಕ್ಷಣ ಅವನ ಮನೆಯವರಿಗೋ, ಇಬ್ಬರಿಗೂ ಗೊತ್ತಿರುವ ದೊಡ್ಡವರಿಗೋ ಹೇಳಬೇಕು. ಟೆಲಿಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೂ ಮಾತಾಡುತ್ತಾರೆ. ಹೇಳಿ ಆದ ಮೇಲೆ ವಾಪಸ್ ಅವನ ಹತ್ತಿರ ಹೋಗಬೇಕು ಅಂತಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಎರಡೆರಡು ಸಲ ಬಿಡಿಸಿ ಹೇಳಿ.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಹೇಳಿಸಿ. ‘ಲಾಸ್ಟ್ ಒಂದ್ಸಲ ಮಾತಾಡೋಣ ಬಾ’ ಅಂದರೆ ಒಬ್ಬಳೇ ಹೋಗಬಾರದು. ಬಿಡುತ್ತೇನೆ ಅಂದ ಮೇಲಿನ ದಿನಗಳೇ ಅತಿ ಅಪಾಯದ ದಿನಗಳು. ಕೊಟ್ಟ ಗಿಫ್ಟ್ ವಾಪಸ್ ಕೊಡೋದಕ್ಕೆ ಅಂತಲೂ ಹೋಗಬಾರದು, ಫೋಟೊ ಎದುರಿಗೇ ಡಿಲೀಟ್ ಮಾಡುತ್ತೇನೆ ಅಂದರೂ ಹೋಗಬಾರದು. ಕೆರೆ ಏರಿ, ಬೆಟ್ಟ, ತೋಟ, ಫ್ರೆಂಡ್ ರೂಮು, ಯಾವುದೂ ಬೇಡ.

ಗೆಳತಿಯರಿಗೆ ಪಾಠ ಮಾಡಿ, ಅವಳೊಬ್ಬಳಿಗೇ ಅಲ್ಲ. ಯಾವ ಹುಡುಗಿಯೂ ಮೊದಲು ಅಮ್ಮನಿಗಾಗಲಿ ಲೆಕ್ಚರರಿಗಾಗಲಿ ಹೇಳಲ್ಲ. ಪಕ್ಕದ ಸೀಟಿನವಳಿಗೆ ಹೇಳುತ್ತಾಳೆ, ಅವಳು ‘ನಿನಗೆ ಬುದ್ಧಿ ಇಲ್ವಾ, ಬಿಡೆ ಅವನ್ನ’ ಅಂತ ಬೈದರೆ ಎರಡನೇ ಸಲ ಹೇಳಲ್ಲ. ಪಕ್ಕದ ಸೀಟಿನವಳು ಬಸ್ಸಲ್ಲಿ ಜೊತೆಗೆ ಬಂದರೆ, ಬೈಯದೆ ಕೇಳಿಸಿಕೊಂಡರೆ, ಒಂದು ನಂಬರ್ ಕೊಟ್ಟರೆ ಸಾಕು. ರೋಟರಿಯವರಿಗೆ ಇಂಟರ್‍ಯಾಕ್ಟ್, ಲಯನ್ಸಿನವರಿಗೆ ಲಿಯೋ ಅಂತ ಮಕ್ಕಳ ಕ್ಲಬ್ಬುಗಳಿವೆ. ನಿಮ್ಮ ಕ್ಲಬ್ಬಿಗೂ ಅಂಥದ್ದಿದ್ದರೆ ಆ ಮಕ್ಕಳಿಂದಲೇ ಶುರು ಮಾಡಿ.

ಹುಡುಗರನ್ನು ಹಿಡಿಯುವುದಕ್ಕೆ ನಿಮ್ಮ ಕೈಯಲ್ಲಿ ಒಳ್ಳೇ ದಾರಿ ಇದೆ, ನೀವು ಗಮನಿಸಿಲ್ಲ. ಕ್ರಿಕೆಟ್ ಟೂರ್ನಮೆಂಟ್! ಅಮೆರಿಕದಲ್ಲಿ ಆಟದ ಕೋಚ್‌ಗಳಿಗೆ ತರಬೇತಿ ಕೊಟ್ಟು, ಪ್ರಾಕ್ಟೀಸ್ ಆದ ಮೇಲೆ ಹುಡುಗರ ಜೊತೆ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಮಾತಾಡಿಸುವ ಒಂದು ಕಾರ್ಯಕ್ರಮ ಇದೆ. ಅದನ್ನೇ ಮುಂಬೈಯಲ್ಲಿ ‘ಪರಿವರ್ತನ್’ ಅನ್ನುವ ಹೆಸರಿನಲ್ಲಿ ಕ್ರಿಕೆಟ್ ಕೋಚ್‌ಗಳ ಮೂಲಕ ಮಾಡಿದ್ದಾರೆ. ಹುಡುಗರು ನನ್ನಂಥ ಸಮಾಲೋಚಕಿ ಬಂದರೆ ಬಾಗಿಲ ಕಡೆ ನೋಡುತ್ತಾರೆ. ಕೋಚ್ ಅಣ್ಣ ಬ್ಯಾಟ್ ಮೇಲೆ ಕೂತುಕೊಂಡು ‘ಅವಳು ಬೇಡ ಅಂದಳಂತೆ, ಬಿಟ್ಟುಬಿಡೋ, ದಿನಾ ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ ನಿಂತ್ಕೋತೀಯಂತೆ’ ಅಂದರೆ ಆ ಮಾತಿಗೆ ಇನ್ನೊಂದು ತೂಕ. ನಮ್ಮ ಸಿನಿಮಾಗಳಲ್ಲಿ ಹೀರೋಯಿನ್ ಹೇಳುವ ‘ಬೇಡ’ ಇಂಟರ್ವಲ್‌ವರೆಗೆ ಮಾತ್ರ, ಹುಡುಗರು ಅದನ್ನೇ ನೋಡಿ ಬೆಳೆದಿದ್ದಾರೆ. ಬೇಡ ಅಂದ ಮೇಲೂ ಹಿಂದೆ ಬೀಳುವುದು, ಪದೇ ಪದೇ ಮೆಸೇಜ್ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಇದೆ ಅಂತ ಕೋಚ್‌ಗೂ ಗೊತ್ತಿರಲಿ. ಆದರೆ ಜೈಲಿನ ಮಾತು ಕೊನೆಗೆ ಬರಲಿ.

ಮನೆಯಲ್ಲಿ ಏನು ನೋಡುತ್ತಾರೆ ಅನ್ನೋದನ್ನೂ ಮರೆಯೋ ಹಾಗಿಲ್ಲ. 2019ರಿಂದ 21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದಿದ್ದರು. ನೀವು 30 ಮಕ್ಕಳ ಮುಂದೆ ನಿಂತು ‘ಹೊಡೆಯುವುದು ಪ್ರೀತಿಯಲ್ಲ’ ಅನ್ನುವಾಗ ಅವರಲ್ಲಿ ಎಷ್ಟೋ ಜನ ತಮ್ಮ ಅಪ್ಪನನ್ನು ನೆನೆಸಿಕೊಳ್ಳುತ್ತಿರುತ್ತಾರೆ. ನಿಧಾನವಾಗಿ ಹೇಳಿ.

ಈಗ ಕಾನೂನು. ಇದನ್ನು ತಿಳಿಯದೆ ಕಾಲೇಜಿನ ಗೇಟು ದಾಟಬೇಡಿ.

2012ರ ಪೋಕ್ಸೋ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಯಾರಿಗೇ ಗೊತ್ತಾದರೂ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, 19ನೇ ಕಲಂ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇದು ನಿಮಗೂ ಅನ್ವಯಿಸುತ್ತದೆ. ಹಾಗಾಗಿ ‘ಏನು ಬೇಕಾದರೂ ಹೇಳು, ಯಾರಿಗೂ ಹೇಳಲ್ಲ’ ಅಂತ ಯಾವ ಮಗುವಿಗೂ ಮಾತು ಕೊಡಬೇಡಿ. ಮೊದಲ ದಿನವೇ ಹೇಳಿಬಿಡಿ, ‘ಹೊಡೆತ, ಬೈಗುಳ, ಫೋನ್ ಕಾಟ, ಇವನ್ನು ಹೇಳಿಕೊಂಡರೆ ಮುಂದೇನು ಅನ್ನೋದನ್ನ ಒಟ್ಟಿಗೆ ಯೋಚಿಸೋಣ. ಮೈ ಮುಟ್ಟಿದ ವಿಷಯ ಆದರೆ ನಾನು ತಿಳಿಸಬೇಕಾಗುತ್ತೆ, ಆದರೆ ನಿನಗೆ ಹೇಳದೆ ತಿಳಿಸಲ್ಲ.’ ಕೆಲವರು ಇದನ್ನು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೂ ಮೋಸ ಮಾಡಿ ಬಾಯಿ ಬಿಡಿಸುವುದಕ್ಕಿಂತ ಅದು ವಾಸಿ.

ಇಬ್ಬರೂ ಒಪ್ಪಿಕೊಂಡೇ ಇದ್ದರು ಅನ್ನೋದಕ್ಕೆ ಈ ಕಾನೂನಿನಲ್ಲಿ ಜಾಗ ಇಲ್ಲ. ಹುಡುಗ 19ರವನಾದರೆ ಆರೋಪಿ, 17ರವನಾದರೆ ಬಾಲನ್ಯಾಯ ಮಂಡಳಿಯ ಮುಂದೆ. ಈ ವಯಸ್ಸನ್ನು ಇಳಿಸಬೇಕೋ ಬೇಡವೋ ಅಂತ ದೊಡ್ಡ ಚರ್ಚೆ ನಡೆದು, 2023ರಲ್ಲಿ ಕಾನೂನು ಆಯೋಗ ತನ್ನ 283ನೇ ವರದಿಯಲ್ಲಿ ಇಳಿಸುವುದು ಬೇಡ ಅಂದಿತು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಪ್ರೀತಿ ಮಾಡಿದ ತಪ್ಪಿಗೆ ಹುಡುಗರ ಬದುಕು ಹಾಳಾದದ್ದನ್ನೂ ನೋಡಿದ್ದೇನೆ, ‘ಪ್ರೀತಿ’ ಅನ್ನೋ ಹೆಸರಲ್ಲಿ ಹುಡುಗಿಯರನ್ನು ಹಿಂಡಿದ್ದನ್ನೂ ನೋಡಿದ್ದೇನೆ. ಈಗ ಕಾನೂನು ಹೀಗಿದೆ ಅನ್ನೋದನ್ನ ಮಕ್ಕಳಿಗೆ ಹೆದರಿಸದೆ ತಿಳಿಸಿ, ಅಷ್ಟು ಮಾಡಿ.

ಫೋಟೊ, ವಿಡಿಯೊ ಇಟ್ಟುಕೊಂಡು ಹೆದರಿಸುತ್ತಿದ್ದರೆ ಮಕ್ಕಳು ಮೊದಲು ಮಾಡುವ ಕೆಲಸ ಚಾಟ್ ಪೂರ್ತಿ ಅಳಿಸುವುದು. ಅದು ಬೇಡ. ಹೆದರಿಸಿದ ಮೆಸೇಜುಗಳ ಸ್ಕ್ರೀನ್‌ಶಾಟ್ ಇರಲಿ. 1930 ಸೈಬರ್ ಅಪರಾಧದ ನಂಬರ್. ಮತ್ತೆ ನಿಮ್ಮ ಸದಸ್ಯರಿಗೆ ಕಡ್ಡಾಯವಾಗಿ ಹೇಳಿ, ‘ಏನಾಗಿದೆ ನೋಡೋಣ, ಆ ವಿಡಿಯೊ ನನಗೆ ಕಳಿಸು’ ಅನ್ನಬಾರದು. ಸಹಾಯ ಮಾಡುವುದಕ್ಕೆ ಅಂತಲೇ ಆದರೂ ಮಕ್ಕಳ ಲೈಂಗಿಕ ಚಿತ್ರವನ್ನು ಒಬ್ಬರಿಂದ ಒಬ್ಬರಿಗೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂನಲ್ಲಿ ಅಪರಾಧ. ಒಂದು ಕಡೆ ಲೆಕ್ಚರರೊಬ್ಬರು ಸ್ಟಾಫ್ ಗ್ರೂಪಿಗೆ ಹಾಕಿದ್ದರು, ‘ಗಮನಕ್ಕೆ’ ಅಂತ ಬರೆದು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಜಾತಿ ಬೇರೆ ಇದ್ದಾಗ ಮಾತ್ರ ನಾನು ಮೇಲೆ ಹೇಳಿದ ‘ಪೋಷಕರ ಹತ್ತಿರ ಮಾತಾಡಿ’ ಅನ್ನೋದನ್ನ ಸ್ವಲ್ಪ ತಡೆಯಿರಿ. ಆಗ ಹುಡುಗನಿಗಿಂತ ದೊಡ್ಡ ಅಪಾಯ ಮನೆಯಿಂದಲೇ ಬರಬಹುದು, ಇಬ್ಬರಿಗೂ. ಅಂಥ ವಿಷಯ ಬಂದರೆ ಮನೆಗೆ ಫೋನ್ ಮಾಡುವ ಮೊದಲು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ಮಾತಾಡಿ. 18 ದಾಟಿದ ಹುಡುಗಿಯಾದರೆ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ, ಮಹಿಳಾ ಸಹಾಯವಾಣಿ 181 ಇದೆ. ಪ್ರಾಣಕ್ಕೇ ಬಂದಿದೆ ಅನ್ನಿಸಿದರೆ ಯಾರಿಗೂ ಕಾಯದೆ ತುರ್ತು ನಂಬರ್ 112.

ಕ್ಲಬ್ಬಿನ ದುಡ್ಡು ಎಲ್ಲಿ ಖರ್ಚು ಮಾಡೋದು ಅಂತ ಖಜಾಂಚಿ ಕೇಳುತ್ತಾರಲ್ಲ, ಇದಕ್ಕೆ ಮಾಡಿ. 1098, 112, 1930, 14416, ನಾಲ್ಕೇ ನಂಬರಿನ ಸಣ್ಣ ಸ್ಟಿಕರ್. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ಅಲ್ಲಿ ನಿಂತು ನಂಬರ್ ಬರೆದುಕೊಂಡವಳ ಹೆಸರು ಮಧ್ಯಾಹ್ನದೊಳಗೆ ಕಾಲೇಜೆಲ್ಲ ಸುತ್ತುತ್ತದೆ. ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಚಿಲಕ ಹಾಕಿಕೊಂಡು ಓದಬಹುದು. ಅಂದ ಹಾಗೆ, ಚಿಲಕವೇ ಇಲ್ಲದಿದ್ದರೆ ಮೊದಲು ಚಿಲಕ ಹಾಕಿಸಿ, ಎಷ್ಟೋ ಕಾಲೇಜುಗಳಲ್ಲಿ ಇಲ್ಲ.

ಇಷ್ಟೆಲ್ಲ ಯೋಜನೆ ಮಾಡುವ ಮೊದಲು ನಿಮ್ಮ ಬೀದಿಯ ಹುಡುಗಿಯನ್ನು ಒಮ್ಮೆ ನೋಡಿ ಬನ್ನಿ. ಮದುವೆ ಮಾತು ನಿಂತ ಮೇಲೆ, ಅವಳಿಗೆ ಇಷ್ಟ ಇದ್ದರೆ. ಮತ್ತೆ ಕಾಲೇಜಿಗೆ ಸೇರಿಸಿಕೊಳ್ಳುತ್ತಾರಾ, ಪರೀಕ್ಷೆಗೆ ಕೂರಬಹುದಾ, ಫೀಸಿನ ಕೊನೆ ದಿನ ಯಾವತ್ತು, ಇಷ್ಟನ್ನು ಅವಳ ಪ್ರಿನ್ಸಿಪಾಲರನ್ನು ಕೇಳಿ ತಿಳಿದುಕೊಂಡೇ ಹೋಗಿ, ಬರಿಗೈಲಿ ಹೋಗಬೇಡಿ. ಅವನ ಬಗ್ಗೆ ಏನೂ ಕೇಳಬೇಡಿ. ‘ಯಾರಿಗಾದರೂ ಹೇಳಬೇಕು ಅಂತ ಅನ್ನಿಸಿತ್ತಾ, ಯಾರು ಇದ್ದಿದ್ದರೆ ಹೇಳ್ತಿದ್ದೆ’ ಅಂತ ಮಾತ್ರ ಕೇಳಿ. ಉತ್ತರ ಬರದಿದ್ದರೆ ಸುಮ್ನೆ ಕೂತು ಎದ್ದು ಬನ್ನಿ, ಇನ್ನೊಂದು ದಿನ ಹೋಗಿ. ಹೋಗುವಾಗ ಕ್ಲಬ್ಬಿನ ಬ್ಯಾಡ್ಜ್ ಮನೆಯಲ್ಲಿ ತೆಗೆದಿಟ್ಟು ಹೋಗಿ.